ಬೆಂದಕಾಳೂರಿನ ಕಥೆ, ಬೇಗೂರಿನ ಕಲ್ಲು

ಅರ್ಥ ಮಸುಕಾದ ಹೆಸರನ್ನು ಜನರು ತಮಗೆ ಗೊತ್ತಿರುವ ಪದಗಳಾಗಿ ಒಡೆದು, ಅದಕ್ಕೊಂದು ಕಥೆ ಹೊಂದಿಸುವುದನ್ನು ಜನಪದ ನಿರುಕ್ತಿ ಎನ್ನುತ್ತಾರೆ. ಕರ್ನಾಟಕದ ಸ್ಥಳಪುರಾಣಗಳಲ್ಲಿ ಇದಕ್ಕೆ ಉದಾಹರಣೆಗಳು ಹೇರಳ. ಅವುಗಳಲ್ಲಿ ಎಲ್ಲರ ಬಾಯಲ್ಲಿರುವುದು ಬೆಂಗಳೂರಿನ ಹೆಸರಿನ ಕಥೆ.

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಬೇಟೆಗೆ ಹೋಗಿ ಕಾಡಿನಲ್ಲಿ ದಾರಿ ತಪ್ಪಿದ. ಹಸಿದು ಬಂದವನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟು ಉಪಚರಿಸಿದಳು. ಆ ನೆನಪಿಗೆ ಊರು ಬೆಂದಕಾಳೂರಾಯಿತು, ಅದೇ ಸವೆದು ಬೆಂಗಳೂರಾಯಿತು ಎಂಬುದು ಐತಿಹ್ಯ. ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ.

ಇಂಥ ಕಥೆಯನ್ನು ಪರೀಕ್ಷಿಸಲು ಮೊದಲು ಬೇಕಾದದ್ದು ಹೆಸರಿನ ಅತ್ಯಂತ ಹಳೆಯ ಲಿಖಿತ ದಾಖಲೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಹಳಗನ್ನಡ ಶಾಸನ ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದು. ನಾಗತ್ತರನೆಂಬವನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಮಡಿದುದನ್ನು ಅದು ತಿಳಿಸುತ್ತದೆ. ಊರಿನ ಹೆಸರಿಗೆ ಅರ್ಥ ಹೇಳುವುದು ಅದರ ಉದ್ದೇಶವಲ್ಲ. ಸತ್ತವರನ್ನು ನೆನೆಯುವಾಗ ಕಾದಿದ ಜಾಗದ ಹೆಸರು ಬಂದಿದೆ, ಅಷ್ಟೆ. ಆದ್ದರಿಂದಲೇ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು. ಬಲ್ಲಾಳ ಪಟ್ಟಕ್ಕೆ ಬರುವುದಕ್ಕೆ ಸುಮಾರು 280 ವರ್ಷ ಮೊದಲೇ ಹೆಸರು ಬಳಕೆಯಲ್ಲಿತ್ತು. 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರಿಗೂ ಅದು ಹಳೆಯ ಹೆಸರೇ.

ಎರಡನೆಯ ಪರೀಕ್ಷೆ ಧ್ವನಿಗಳದು. ಸಮಾಸದಲ್ಲಿ ಕಕಾರ ಗಕಾರವಾಗುವುದು ಕನ್ನಡಕ್ಕೆ ಸಹಜ, ಆದೇಶಸಂಧಿಯೇ ಅದು. ಆದರೆ ‘ಬೆಂದ’ದಲ್ಲಿನ ದಕಾರ ಬಿದ್ದುಹೋದದ್ದಕ್ಕೂ ‘ಕಾಳಿ’ನ ದೀರ್ಘ ಹ್ರಸ್ವವಾದದ್ದಕ್ಕೂ ಬೇರೆ ಆಧಾರ ಬೇಕು. ಕಿವಿಗೆ ಹತ್ತಿರ ಕೇಳಿಸಿತೆಂಬುದು ಆಧಾರವಾಗದು.

ಮೂರನೆಯದು ಸೋದರಭಾಷೆಗಳ ಹೋಲಿಕೆ. ಬೆಂಗ ಎಂಬ ಮರದಿಂದ ಊರಿಗೆ ಹೆಸರು ಬಂತೆಂಬ ವಾದವಿದೆ. ಇಂದು ಹೊನ್ನೆ ಎಂದು ಕರೆಯುವ ಮರವದು, ತಮಿಳಿನಲ್ಲಿ ವೇಂಗೈ. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರವಿರುವುದು ನಿಯತ: ವಿಲ್–ಬಿಲ್ಲು, ವೇರ್–ಬೇರು. ಮರಗಿಡಗಳಿಂದ ಊರಿಗೆ ಹೆಸರು ಬರುವುದೂ ಸಾಮಾನ್ಯ. ಆದರೂ ನಡುವಿನ ಳಕಾರ ಎಲ್ಲಿಂದ ಬಂತೆಂಬುದನ್ನು ಈ ವಾದ ವಿವರಿಸಬೇಕಾಗುತ್ತದೆ. ಒಂದು ವಿವರಣೆಯನ್ನು ತಳ್ಳಿಹಾಕಲು ಒಂದು ಶಾಸನ ಸಾಕು. ಇನ್ನೊಂದನ್ನು ಸ್ಥಾಪಿಸಲು ಪದದ ಪ್ರತಿಯೊಂದು ಅಕ್ಷರವೂ ಹೊಂದಬೇಕು.

ಧ್ವನಿಪರೀಕ್ಷೆಯಲ್ಲಿ ಗೆದ್ದ ಕಥೆಯೆಲ್ಲ ಚರಿತ್ರೆಯಾಗದು. ಹುಲಿಯನ್ನು ಹೊಡೆಯಲು ಗುರುಗಳು ಸಳನೆಂಬವನಿಗೆ ‘ಹೊಯ್ ಸಳ’ ಎಂದು ಆಜ್ಞಾಪಿಸಿದ್ದರಿಂದ ಹೊಯ್ಸಳ ವಂಶಕ್ಕೆ ಹೆಸರು ಬಂತೆನ್ನುತ್ತಾರೆ. ಶಾಸನಗಳಲ್ಲಿ ಹಳೆಯ ರೂಪ ಪೊಯ್ಸಳ. ‘ಹೊಯ್’ ಎಂಬ ಧಾತುವಿನ ಹಳೆಯ ರೂಪವೂ ‘ಪೊಯ್’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇಲ್ಲಿಯೂ ಪಕಾರ ಹಕಾರಗಳು ಹೊಂದುತ್ತವೆ. ಆದರೆ ಮನೆತನ ಪ್ರಬಲವಾದ ಮೇಲೆ, 12ನೆಯ ಶತಮಾನದ ಶಾಸನಗಳಲ್ಲಿ ಈ ಕಥೆ ಕಾಣಿಸಿಕೊಳ್ಳುತ್ತದೆ. ವಂಶದ ಹೆಸರು ಅದಕ್ಕಿಂತ ಹಳೆಯದು. ಕಥೆ ಹೆಸರಿನಿಂದ ಹುಟ್ಟಿರುವ ಸಾಧ್ಯತೆಯೇ ಹೆಚ್ಚು.

ಹಾಗೆಂದು ಈ ಕಥೆಗಳನ್ನು ಕಡೆಗಣಿಸುವಂತಿಲ್ಲ. ಸಳ ಹುಲಿಯೊಡನೆ ಸೆಣಸುವ ಶಿಲ್ಪ ಬೇಲೂರಿನ ದೇವಾಲಯದ ಬಾಗಿಲಲ್ಲಿ ರಾಜಲಾಂಛನವಾಗಿ ನಿಂತಿದೆ: ಆ ಅರಸರು ತಮ್ಮನ್ನು ಹೇಗೆ ಕಂಡುಕೊಂಡರೆಂಬುದಕ್ಕೆ ಅದು ಗಟ್ಟಿ ದಾಖಲೆ. ಬೆಂದಕಾಳೂರಿನ ಕಥೆಯೂ ಬಡ ಮುದುಕಿಯ ಆತಿಥ್ಯವನ್ನು ಊರಿನ ಮೂಲದಲ್ಲಿಟ್ಟು ಗೌರವಿಸಿದ ಜನರ ಮನಸ್ಸನ್ನು ತಿಳಿಸುತ್ತದೆ. ಹೆಸರಿನ ಹುಟ್ಟನ್ನು ಶಾಸನ ಮತ್ತು ಧ್ವನಿನಿಯಮಗಳಲ್ಲಿ ಹುಡುಕಬೇಕು. ಹೆಸರನ್ನು ಬಳಸಿದವರ ಭಾವನೆಯನ್ನು ಐತಿಹ್ಯದಲ್ಲಿ ಓದಬೇಕು.