ಆಮೆಯಿಂದ ಆ್ಯಪ್‌ವರೆಗೆ: ಕೇರಳದ ಹೈಸ್ಕೂಲುಗಳ ಕಂಪ್ಯೂಟರ್ ಪಾಠ

ಯು.ಆರ್. ರಾವ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಆರ್ಯಭಟ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹವನ್ನು ಕಟ್ಟಿಸಿದರು. ಅದು 1975ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿತು. ಆಮೇಲೆ ರಾಯರು ಇಸ್ರೋ ಅಧ್ಯಕ್ಷರೂ ಆದರು. ಆದರೆ ಅವರ ಇನ್ನೊಂದು ಕೆಲಸದ ಸುದ್ದಿ ಕರ್ನಾಟಕದಲ್ಲಿ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ಶಾಲೆಗಳಿಗೆ ಮಾಹಿತಿ ತಂತ್ರಜ್ಞಾನ ತರುವುದು ಹೇಗೆಂದು ಕೇರಳ ಸರ್ಕಾರ ಒಂದು ಕಾರ್ಯಪಡೆ ರಚಿಸಿದಾಗ ಅದರ ಮುಖ್ಯಸ್ಥರಾಗಿದ್ದವರು ಅವರೇ. ಆ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಶುರುವಾಯಿತು. ಕೇರಳದ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲುಗಳ ಮಕ್ಕಳು ಇಂದು ಕಾರ್ಟೂನ್ ಚಿತ್ರ ತಯಾರಿಸುತ್ತಾರೆ, ಮೊಬೈಲ್ ಆ್ಯಪ್ ಕಟ್ಟುತ್ತಾರೆ ಎಂದರೆ ಅದರ ಬೇರು ಅಲ್ಲಿದೆ.

ಅದಕ್ಕೆ ಮುಂಚೆ ಭಾರತದ ಶಾಲೆಗಳಲ್ಲಿ ಕಂಪ್ಯೂಟರ್ ಇರಲೇ ಇಲ್ಲ ಅಂತಲ್ಲ. 1984-85ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳು ಬಂದಿದ್ದವು. ಬೀಗ ಹಾಕಿದ ಕೋಣೆ, ಯಂತ್ರದ ಮೇಲೊಂದು ಬಟ್ಟೆ, ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು: ಆ ಕಾಲದಲ್ಲಿ ಓದಿದವರಿಗೆ ಈ ಚಿತ್ರ ಹೊಸದಲ್ಲ. ಒಳಗೆ ಕಲಿಸುತ್ತಿದ್ದದ್ದು ಕೀಬೋರ್ಡ್ ಯಾವುದು, ಮಾನಿಟರ್ ಯಾವುದು, ಮೆಮೊರಿ ಎಂದರೇನು ಎಂಬುದನ್ನು. ಮೇಲೊಂದಿಷ್ಟು ಬೇಸಿಕ್ ಭಾಷೆ. ಪೂಜೆಗಿಟ್ಟ ವಸ್ತುವಿನ ಹಾಗೆ ಕಂಪ್ಯೂಟರನ್ನು ದೂರದಿಂದ ನೋಡಿ, ಅದರ ಅಂಗಾಂಗಗಳ ಹೆಸರು ಬಾಯಿಪಾಠ ಮಾಡಿ ಮಕ್ಕಳು ಹೊರಗೆ ಬರುತ್ತಿದ್ದರು.

ಮಕ್ಕಳ ಕೈಗೆ ಯಂತ್ರವನ್ನೇ ಕೊಟ್ಟುಬಿಡಬೇಕು, ಅವರು ಅದಕ್ಕೆ ಕೆಲಸ ಹೇಳಿಕೊಡಲಿ ಎಂಬ ಯೋಚನೆ ಅಮೆರಿಕದಲ್ಲಿ ಅದಕ್ಕೂ ಎರಡು ದಶಕ ಹಳೆಯದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಣಿತಜ್ಞ ಸೆಮೂರ್ ಪ್ಯಾಪರ್ಟ್ ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಜೊತೆ ಕೆಲವು ವರ್ಷ ಕೆಲಸ ಮಾಡಿ ಎಂಐಟಿ ಸೇರಿದ್ದರು. 1967ರಲ್ಲಿ ವಾಲಿ ಫರ್ಜೈಗ್, ಸಿಂಥಿಯಾ ಸಾಲೊಮನ್ ಮುಂತಾದವರ ಜೊತೆಗೂಡಿ ಅವರು ಮಕ್ಕಳಿಗಾಗಿಯೇ 'ಲೋಗೋ' ಎಂಬ ಭಾಷೆ ರೂಪಿಸಿದರು. ಮೊದಮೊದಲು ಅದರಲ್ಲಿ ಪದಗಳ ಆಟ, ವಾಕ್ಯಗಳ ಆಟ ಅಷ್ಟೇ. ಕೆಲ ವರ್ಷದಲ್ಲೇ ಅದಕ್ಕೊಂದು ಆಮೆ ಸೇರಿಕೊಂಡಿತು. ಮೊದಲು ನೆಲದ ಮೇಲೆ ಹರಿದಾಡುವ ಯಂತ್ರದ ಆಮೆ, ಆಮೇಲೆ ಪರದೆಯ ಮೇಲಿನ ಆಮೆ. ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ, ಇದನ್ನೇ ನಾಲ್ಕು ಸಲ ಮಾಡು ಎಂದರೆ ಚೌಕ ಬರುತ್ತದೆ. ತಪ್ಪು ಹೇಳಿದರೆ ಆಮೆ ಎಲ್ಲೋ ಹೋಗಿ ನಿಲ್ಲುತ್ತದೆ. ಎಲ್ಲಿ ಎಡವಟ್ಟಾಯಿತೆಂದು ಮಗುವೇ ಹುಡುಕಿ ಸರಿಪಡಿಸಬೇಕು. 1980ರಲ್ಲಿ ಬಂದ ಪ್ಯಾಪರ್ಟರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕ ಈ ವಿಚಾರವನ್ನು ಜಗತ್ತಿಗೆಲ್ಲ ಹಬ್ಬಿಸಿತು.

ಮುಂದೆ ಕೇರಳದ ಮಕ್ಕಳ ಕೈಗೆ ಬಂದ ಎರಡು ಮುಖ್ಯ ಸಾಧನಗಳೂ ಈ ಆಮೆಯ ವಂಶದವೇ. ಪ್ಯಾಪರ್ಟರ ಗರಡಿಯಲ್ಲಿ ಪಳಗಿದ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ 'ಸ್ಕ್ರ್ಯಾಚ್' ಬಿಡುಗಡೆ ಮಾಡಿತು. ಇದರಲ್ಲಿ ಸಾಲುಸಾಲು ಕೋಡ್ ಬರೆಯಬೇಕಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಕಿತ್ತಳೆ ಬಣ್ಣದ ಬೆಕ್ಕು ನಡೆಯುತ್ತದೆ, ಮಾತಾಡುತ್ತದೆ, ಗೋಡೆಗೆ ತಾಗಿದರೆ ತಿರುಗುತ್ತದೆ. ಎರಡನೆಯದು 'ಆ್ಯಪ್ ಇನ್ವೆಂಟರ್'. 1981ರಲ್ಲಿ ಆಮೆಯ ರೇಖಾಗಣಿತದ ಮೇಲೆ ಸಹಲೇಖಕರೊಬ್ಬರ ಜೊತೆ ಪುಸ್ತಕ ಬರೆದ ಹ್ಯಾಲ್ ಏಬಲ್ಸನ್ ಗೂಗಲ್‌ನಲ್ಲಿದ್ದಾಗ ಶುರುಮಾಡಿದ ಕೆಲಸ ಅದು. 2010ರಲ್ಲಿ ಹೊರಬಂದದ್ದನ್ನು ಗೂಗಲ್ ಮರುವರ್ಷವೇ ಕೈಬಿಟ್ಟಿತು. 2012ರಿಂದ ಎಂಐಟಿ ಅದನ್ನು ನಡೆಸುತ್ತಿದೆ. ಕಂಪನಿಯೊಂದಕ್ಕೆ ಬೇಡವಾದ ವಸ್ತುವನ್ನು ವಿಶ್ವವಿದ್ಯಾಲಯ ಎತ್ತಿಕೊಳ್ಳದೇ ಹೋಗಿದ್ದರೆ ಕಾಸರಗೋಡಿನ ಎಷ್ಟೋ ಮಕ್ಕಳು ಮೊದಲ ಆ್ಯಪ್ ಮಾಡಲು ಕಾಲೇಜು ಮೆಟ್ಟಿಲು ಹತ್ತಬೇಕಾಗುತ್ತಿತ್ತೇನೋ.

ಅನಿಮೇಶನ್ ವಿದ್ಯೆ ಬಂದ ದಾರಿಯೇ ಬೇರೆ. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ತೆಗೆದ 'ಫ್ಯಾಂಟಸ್ಮಾಗರಿ' ಎರಡು ನಿಮಿಷವೂ ಇಲ್ಲದ ಚಿತ್ರ. ಅದಕ್ಕಾಗಿ ಸುಮಾರು 700 ಚಿತ್ರಗಳನ್ನು ಕೈಯಲ್ಲೇ ಬಿಡಿಸಬೇಕಾಯಿತು. ಭಾರತದಲ್ಲಿ ಈ ವಿದ್ಯೆ ಬಹುಕಾಲ ಗುರುವಿನ ಪಕ್ಕ ಕೂತು ಕಲಿಯುವಂಥದ್ದಾಗಿತ್ತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1950ರ ದಶಕದಲ್ಲಿ ಮುಂಬೈನ ಫಿಲ್ಮ್ಸ್ ಡಿವಿಜನ್‌ಗೆ ಬಂದು ರಾಮ್ ಮೋಹನ್ ಮುಂತಾದವರನ್ನು ತಯಾರು ಮಾಡಿದರು. 1980ರ ದಶಕದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅದು ಪಾಠದ ವಿಷಯವಾಯಿತು. ಹಳ್ಳಿಯ ಹೈಸ್ಕೂಲಿಗೂ ಅನಿಮೇಶನ್ನಿಗೂ ಸಂಬಂಧವೇ ಇರಲಿಲ್ಲ. ಸೆಲ್ಯುಲಾಯ್ಡ್ ಹಾಳೆ, ಕ್ಯಾಮೆರಾ, ಫಿಲ್ಮ್ ಎಲ್ಲ ಯಾವ ಶಾಲೆಯ ಬಜೆಟ್ಟಿನಲ್ಲಿ ಹೊಂದುತ್ತದೆ?

ಕೇರಳದ ಕಥೆ ಇಲ್ಲಿಂದ ಸ್ವಾರಸ್ಯವಾಗುತ್ತದೆ. 2003ರಲ್ಲಿ ಎಂಟನೇ ತರಗತಿಗೆ ಮಾಹಿತಿ ತಂತ್ರಜ್ಞಾನ ಪಾಠದ ವಿಷಯವಾಯಿತು. 2005ರ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಸೇರಿತು. ಪರೀಕ್ಷೆ ಬರೆಯುವುದೂ ಕಂಪ್ಯೂಟರಿನ ಮುಂದೆಯೇ. ಮೊದಲ ವರ್ಷಗಳ ಪಾಠ ಮೈಕ್ರೋಸಾಫ್ಟ್ ತಂತ್ರಾಂಶಕ್ಕೆ ಅಂಟಿಕೊಂಡಿತ್ತು. ಅದಕ್ಕೆ ಶಿಕ್ಷಕರ ಸಂಘಟನೆಗಳೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಗಟ್ಟಿಯಾಗಿ ತಕರಾರು ಎತ್ತಿದರು. ಮುಕ್ತ ತಂತ್ರಾಂಶ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್ಮನ್ ಸಮ್ಮುಖದಲ್ಲಿ ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ 2001ರಲ್ಲಿ ಉದ್ಘಾಟನೆಯಾದದ್ದು ತಿರುವನಂತಪುರದಲ್ಲೇ. ಹಾಗಾಗಿ ವಾದಕ್ಕೆ ಮದ್ದುಗುಂಡಿನ ಕೊರತೆ ಇರಲಿಲ್ಲ. ಕೊನೆಗೆ ಸರ್ಕಾರ ಹೊರಳಿತು. ಲಿನಕ್ಸ್ ಆಧರಿಸಿ, ಶಾಲೆಗೆ ಬೇಕಾದದ್ದನ್ನೆಲ್ಲ ಒಂದೇ ಕಡೆ ತುಂಬಿದ ತಂತ್ರಾಂಶದ ಸಿಡಿ ಪ್ರತಿ ಶಾಲೆಗೂ ಹೋಯಿತು.

ಈ ಹೊರಳುವಿಕೆ ಮುಂದಿನ ಎಲ್ಲಕ್ಕೂ ದಾರಿ ಬಿಟ್ಟಿತು ಎನ್ನಬೇಕು. ಅನಿಮೇಶನ್ ಸ್ಟುಡಿಯೋಗಳ ತಂತ್ರಾಂಶಕ್ಕೆ ಪರವಾನಗಿ ತರಲು ಒಂದೊಂದು ಯಂತ್ರಕ್ಕೂ ಸಾವಿರಗಟ್ಟಲೆ ರೂಪಾಯಿ ಬೇಕು. ಮುಕ್ತ ತಂತ್ರಾಂಶಗಳಾದ ಜಿಂಪ್, ಆಡಾಸಿಟಿ, ಓಪನ್‌ಶಾಟ್, ಕೆಟೂನ್‌ಗಳಿಗೆ ಬಿಡಿಗಾಸೂ ಬೇಡ. ಕೊಲಂಬಿಯಾದಲ್ಲಿ ಹುಟ್ಟಿದ ಕೆಟೂನ್ ಮತ್ತು ಅದರಿಂದಲೇ ಕವಲೊಡೆದ ಟೂಪಿ ಹೀಗೆ ಕೇರಳದ ಹಳ್ಳಿ ಶಾಲೆಗಳ ನಿತ್ಯದ ಸಾಧನಗಳಾದವು. 2010ರ ಸುಮಾರಿಗೆ ಹೈಸ್ಕೂಲು ಮಕ್ಕಳಿಗಾಗಿ 'ಆ್ಯಂಟ್ಸ್' ಎಂಬ ಅನಿಮೇಶನ್ ತರಬೇತಿ ಶಿಬಿರಗಳು ಶುರುವಾದದ್ದು ಇವುಗಳ ಬಲದಿಂದ.

ಪಾಠದ ಕ್ರಮ ನೋಡಿ. ಮೊದಲು ಕಥೆ, ಆಮೇಲೆ ಸ್ಟೋರಿಬೋರ್ಡ್: ಕಾಗದದ ಮೇಲೆ ಚೌಕಗಳನ್ನು ಹಾಕಿ ಯಾವ ದೃಶ್ಯ ಎಷ್ಟು ಹೊತ್ತು ಎಂದು ಗುರುತು ಮಾಡುವುದು. ಹಿನ್ನೆಲೆಯ ಚಿತ್ರವನ್ನು ಒಂದೇ ಸಲ ಬಿಡಿಸಿದರೆ ಸಾಕು; ಪಾತ್ರ ಮಾತ್ರ ಅದರ ಮೇಲಿನ ಬೇರೆ ಪದರದಲ್ಲಿ ಚಲಿಸುತ್ತದೆ. ಸಿನಿಮಾದ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 1,440. ಇಷ್ಟನ್ನೂ ಮಕ್ಕಳು ಬಿಡಿಸಲಾರರು. ಬಸ್ಸು ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಆರಂಭದ ಜಾಗ, ಮುಗಿಯುವ ಜಾಗ ತೋರಿಸಿದರೆ ಸಾಕು. ನಡುವಿನ ಚೌಕಟ್ಟುಗಳನ್ನು ತಂತ್ರಾಂಶವೇ ತುಂಬುತ್ತದೆ. ಆದರೆ ಓಡುವ ಮನುಷ್ಯನ ಕಾಲು ಹಾಗಲ್ಲ. ಅಲ್ಲಿ ಹಿಂದಿನ ಚಿತ್ರ ಮಸುಕಾಗಿ ಕಾಣುವಂತೆ ಇಟ್ಟುಕೊಂಡು ಮುಂದಿನದನ್ನು ಬಿಡಿಸಬೇಕು. ಹುಡುಗರು ಸುಸ್ತಾಗುವುದು ಇಲ್ಲೇ. ಹೆಚ್ಚಿನ ಮಕ್ಕಳ ಮೊದಲ ಚಿತ್ರಗಳಲ್ಲಿ ಕಾರು, ಬಸ್ಸು, ಹಕ್ಕಿ, ಮೋಡಗಳೇ ತುಂಬಿರುವುದಕ್ಕೂ ಕಾರಣ ಇದೇ ಇರಬೇಕು. ಧ್ವನಿಯನ್ನು ಮಕ್ಕಳೇ ಕೊಡುತ್ತಾರೆ; ಕೊನೆಗೆ ಎಲ್ಲವನ್ನೂ ಕತ್ತರಿಸಿ ಜೋಡಿಸುತ್ತಾರೆ.

ಆ್ಯಪ್ ಕಟ್ಟುವ ಪಾಠಕ್ಕೆ ಎರಡು ಮುಖ. ಒಂದು ಪರದೆಯಲ್ಲಿ ಗುಂಡಿ, ಚಿತ್ರ, ಅಕ್ಷರದ ಪೆಟ್ಟಿಗೆಗಳನ್ನು ಎಳೆದು ಜೋಡಿಸುತ್ತಾರೆ. ಇನ್ನೊಂದು ಪರದೆಯಲ್ಲಿ ಆ ಗುಂಡಿ ಒತ್ತಿದರೆ ಏನಾಗಬೇಕು ಎಂಬುದನ್ನು ಸ್ಕ್ರ್ಯಾಚ್‌ನಲ್ಲಿ ಮಾಡಿದ ಹಾಗೆಯೇ ತುಂಡು ಸಿಕ್ಕಿಸಿ ಹೇಳುತ್ತಾರೆ. ಶಾಲೆಯ ಫೋನಿನಲ್ಲಿ ಆ ಆ್ಯಪ್ ಆಗಲೇ ಓಡಿಸಿ ನೋಡಬಹುದು. ತನ್ನ ಕೈಯ ಫೋನು ತಾನು ಹೇಳಿದಂತೆ ಕೇಳುತ್ತದೆ ಎಂಬುದು ಹದಿನಾಲ್ಕರ ವಯಸ್ಸಿಗೆ ಸಣ್ಣ ಖುಷಿಯೇನಲ್ಲ.

2016ರಲ್ಲಿ 'ಹಾಯ್ ಸ್ಕೂಲ್ ಕುಟ್ಟಿಕ್ಕೂಟ್ಟಂ' ಎಂಬ ಮಕ್ಕಳ ಕೂಟ ಬಂತು. ಅನಿಮೇಶನ್, ಹಾರ್ಡ್‌ವೇರ್, ಎಲೆಕ್ಟ್ರಾನಿಕ್ಸ್, ಭಾಷಾ ಕಂಪ್ಯೂಟಿಂಗ್, ಸೈಬರ್ ಸುರಕ್ಷತೆ ಅದರ ಪಾಠಗಳು. ಮರುವರ್ಷ ಐಟಿ ಅಟ್ ಸ್ಕೂಲ್ ಯೋಜನೆ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. 2018ರ ಜನವರಿಯಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ 'ಲಿಟಲ್ ಕೈಟ್ಸ್' ಕ್ಲಬ್ಬುಗಳನ್ನು ಉದ್ಘಾಟಿಸಿದರು. ಸುಮಾರು 2,000 ಶಾಲೆಗಳಲ್ಲಿ ಇಂಥ ಕ್ಲಬ್ಬುಗಳು ಬಂದವು. ಎಂಟನೇ ತರಗತಿಯಲ್ಲಿ ಅಭಿರುಚಿ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುತ್ತಾರೆ. ಪ್ರತಿ ಕ್ಲಬ್ಬಿಗೆ ಶಾಲೆಯದೇ ಇಬ್ಬರು ಶಿಕ್ಷಕರು. ಶಾಲೆಯ ಶಿಬಿರದಲ್ಲಿ ಚೆನ್ನಾಗಿ ಮಾಡಿದವರು ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ ಹೋಗುತ್ತಾರೆ.

ಇದರಲ್ಲಿ ಕುಂದಿಲ್ಲವೆಂದಲ್ಲ. ಪರೀಕ್ಷೆ ಮಾಡಿ ಆರಿಸಿದ ಮೇಲೆ ಉಳಿದವರ ಪಾಡೇನು? ಚೆನ್ನಾಗಿ ಕೆಲಸ ಮಾಡಿದವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕ ಸಿಗುವುದರಿಂದ, ಅನಿಮೇಶನ್ನಿನ ಹುಚ್ಚಿಗಿಂತ ಅಂಕದ ಆಸೆಗೇ ಸೇರುವ ಮಕ್ಕಳೂ ಇರಲೇಬೇಕು. ಹಾಗಿದ್ದರೂ ಈ ಏರ್ಪಾಡು ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಯಂತ್ರಗಳಲ್ಲ, ಮೇಷ್ಟ್ರುಗಳು. ಗಣಿತ, ವಿಜ್ಞಾನ, ಭಾಷೆ ಕಲಿಸುವ ಶಿಕ್ಷಕರಲ್ಲೇ ಕೆಲವರನ್ನು ಆರಿಸಿ ತರಬೇತುದಾರರನ್ನಾಗಿ ಮಾಡಿ, ಅವರಿಂದ ಉಳಿದವರಿಗೆ ಕಲಿಸುವ ದಾರಿಯನ್ನು ಕೇರಳ ಮೊದಲಿನಿಂದಲೂ ಹಿಡಿಯಿತು. ಹೊರಗಿನ ಕಂಪ್ಯೂಟರ್ ಬೋಧಕರನ್ನು ಕರೆತರಲಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಘಟ್ಟ ಹತ್ತಿ ಈಚೆ ಬರಬೇಕು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದಲ್ಲೂ 'ಮಾಹಿತಿ ಸಿಂಧು' ಶುರುವಾಗಿತ್ತು: ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳು, ಯಂತ್ರ ಮತ್ತು ಬೋಧಕರನ್ನು ಒದಗಿಸಲು ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ. ಒಪ್ಪಂದ ಮುಗಿದಾಗ ಬೋಧಕರು ಹೊರಟರು. ಶಾಲೆಯ ಮೇಷ್ಟ್ರುಗಳಿಗೆ ಆ ಕೋಣೆ ಪರರ ಕೋಣೆಯಾಗಿಯೇ ಉಳಿಯಿತು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಎರಡೂ ರಾಜ್ಯಗಳ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಇದನ್ನೇ ಎತ್ತಿ ತೋರಿಸಿತು. 2011ರ ನಂತರ 'ವಿಷಯ ಶಿಕ್ಷಕರ ವೇದಿಕೆ'ಯ ಮೂಲಕ ಕರ್ನಾಟಕವೂ ತನ್ನ ಶಿಕ್ಷಕರಿಗೆ ಮುಕ್ತ ತಂತ್ರಾಂಶ ಕಲಿಸುವ ಹಾದಿಗೆ ಬಂತು. ಆದರೆ ಆ ಹೊತ್ತಿಗೆ ಅಮೂಲ್ಯವಾದ ಒಂದು ದಶಕ ಕಳೆದುಹೋಗಿತ್ತು.

ಈ ಕಥೆಯಲ್ಲಿ ಕನ್ನಡಕ್ಕೆ ಇನ್ನೊಂದು ನೇರ ಪಾಲಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವತ್ತಿಗೂ ನಡೆಯುತ್ತಿವೆ. ಕೇರಳದ ಐಸಿಟಿ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಬರುತ್ತದೆ. ಕೊರೊನಾ ಕಾಲದಲ್ಲಿ, 2020ರ ಜೂನ್ 1ರಿಂದ ಕೈಟ್‌ನ ಶೈಕ್ಷಣಿಕ ಟಿವಿ ಚಾನೆಲ್ ವಿಕ್ಟರ್ಸ್ 'ಫಸ್ಟ್ ಬೆಲ್' ಪಾಠಗಳನ್ನು ಶುರುಮಾಡಿದಾಗ ಗಡಿಯ ಮಕ್ಕಳಿಗಾಗಿ ಕನ್ನಡ ಪಾಠಗಳನ್ನೂ ಚಿತ್ರೀಕರಿಸಿತು. ಈ ನಡುವೆ ಪಾಠದ ವ್ಯಾಪ್ತಿಯೂ ಬೆಳೆಯಿತು: 2022ರ ಡಿಸೆಂಬರಿನಲ್ಲಿ ಲಿಟಲ್ ಕೈಟ್ಸ್ ಶಾಲೆಗಳಿಗೆ ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ ಇರುವ 9,000 ರೊಬಾಟಿಕ್ಸ್ ಕಿಟ್‌ಗಳ ವಿತರಣೆ ಆರಂಭವಾಯಿತು. ಆಯ್ದ ಮಕ್ಕಳ ಕ್ಲಬ್ಬಿನಲ್ಲಿ ಹೀಗೆ ಮೊದಲು ನಡೆಸಿ ನೋಡಿದ ರೊಬಾಟಿಕ್ಸ್ ಪಾಠ, 2025ರ ಶಾಲಾ ವರ್ಷದಿಂದ ಹತ್ತನೇ ತರಗತಿಯ ಪುಸ್ತಕ ಸೇರಿ ಎಲ್ಲ ಮಕ್ಕಳಿಗೂ ಕಡ್ಡಾಯವಾಯಿತು.