ನಿಮಿಷಕ್ಕೆ ಒಂದು ಪದ

ಇವತ್ತು ನಿಮಗೊಂದು ಗುಟ್ಟು ಹೇಳಿಬಿಡ್ತೀನಿ. ಟಿವಿಯಲ್ಲಿ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನಾನು ಪಟಪಟ ಅಂತ ಸುದ್ದಿ ಓದ್ತೀನಲ್ಲ, ಆಗ ಮೇಜಿನ ಕೆಳಗೆ ನನ್ನ ಬಲಗಾಲು ದುಡೀತಿರುತ್ತೆ. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಅಕ್ಷರಗಳು ಓಡ್ತಾವೆ. ಅದು ಪ್ರಾಂಪ್ಟರ್. ಪೆಡಲ್ ಒತ್ತಿದರೆ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಕೈಗೆ ಕೆಲಸವೇ ಇಲ್ಲ. ನನಗೆ ಅದೊಂದು ಅನುಕೂಲ, ಅಷ್ಟೇ. ಆದರೆ ಕೈ ಮುಟ್ಟದೆ ಯಂತ್ರ ನಡೆಸೋದೇ ಬದುಕಾದವರ ಚರಿತ್ರೆ ಒಂದಿದೆ. ಅದನ್ನ ಕೇಳಿ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ ಬೆನ್ನುಹುರಿಗೆ ಪೆಟ್ಟು ಬಿದ್ದವರ ಚಿಕಿತ್ಸೆಗೆ ಹೆಸರಾದ ಜಾಗ. ಪ್ಯಾರಾಲಿಂಪಿಕ್ಸ್‌ನ ಬೇರು ಇರೋದೂ ಅಲ್ಲೇ. 1960ರ ಆಸುಪಾಸಿನಲ್ಲಿ ರೆಗ್ ಮೇಲಿಂಗ್ ಅನ್ನೋರು ರೋಗಿಗಳನ್ನು ಮಾತಾಡಿಸೋಕೆ ಅಲ್ಲಿಗೆ ಹೋಗ್ತಿದ್ದರು. ಕೈಕಾಲು ಆಡದವರ ಕಷ್ಟ ನೋಡಿ ಒಂದು ಯಂತ್ರ ರೂಪಿಸಿದರು. ಬಾಯಿಗೊಂದು ಸಣ್ಣ ಕೊಳವೆ. ಉಸಿರು ಊದಿದರೆ, ಎಳೆದರೆ ಗಂಟೆ ಬಾರಿಸಬಹುದು, ದೀಪ ಹಚ್ಚಬಹುದು, ಟೈಪ್‌ರೈಟರ್‌ನಲ್ಲಿ ಕಾಗದವನ್ನೂ ಬರೀಬಹುದು! ಅದರ ಹೆಸರು ಪಾಸಮ್. ಲ್ಯಾಟಿನ್‌ನಲ್ಲಿ ಆ ಪದಕ್ಕೆ ‘ನನ್ನಿಂದ ಆಗುತ್ತೆ’ ಅಂತ ಅರ್ಥ.

ಈಗ ನಿಮಗೆಲ್ಲ ಗೊತ್ತಿರೋ ಹೆಸರಿಗೆ ಬರ್ತೀನಿ. ಸ್ಟೀಫನ್ ಹಾಕಿಂಗ್. 21ನೇ ವಯಸ್ಸಿಗೇ ನರಗಳ ಕಾಯಿಲೆ ಅಂಟಿಕೊಂಡಿತ್ತು. 1985ರಲ್ಲಿ ಜಿನೀವಾಗೆ ಹೋಗಿದ್ದಾಗ ನ್ಯುಮೋನಿಯಾ. ಉಸಿರಾಟದ ಯಂತ್ರ ನಿಲ್ಲಿಸೋದಾ ಅಂತ ವೈದ್ಯರು ಹೆಂಡತಿ ಜೇನ್‌ ಅವರನ್ನ ಕೇಳಿದರು. ಆಕೆ ಒಪ್ಪಲಿಲ್ಲ. ಕೇಂಬ್ರಿಡ್ಜ್‌ಗೆ ಕರೆತಂದರು. ಗಂಟಲಲ್ಲಿ ರಂಧ್ರ ಮಾಡಿದರು. ಜೀವ ಉಳೀತು, ದನಿ ಹೋಯ್ತು.

ಆಮೇಲೆ? ಯಾರೋ ಅಕ್ಷರಗಳ ಹಲಗೆ ಹಿಡಿಯೋದು, ಸರಿಯಾದ ಅಕ್ಷರ ಬಂದಾಗ ಇವರು ಹುಬ್ಬು ಏರಿಸೋದು. ವಿಶ್ವದ ಹುಟ್ಟಿನ ಬಗ್ಗೆ ಯೋಚಿಸೋ ಮನುಷ್ಯ ‘ನೀರು’ ಅನ್ನೋಕೂ ಹುಬ್ಬನ್ನೇ ನಂಬಬೇಕು!

ಅಮೆರಿಕದಲ್ಲಿ ವಾಲ್ಟ್ ವೋಲ್ಟೋಜ್ ಅನ್ನೋರ ಅತ್ತೆಗೂ ಇದೇ ಕಾಯಿಲೆ ಬಂದಿತ್ತು. ಅತ್ತೆಗೋಸ್ಕರ ಅವರು ಶುರುಮಾಡಿದ ಕೆಲಸದಿಂದ ಹುಟ್ಟಿದ ಸಾಫ್ಟ್‌ವೇರ್ ಹಾಕಿಂಗ್‌ಗೆ ತಲುಪಿತು. ಪರದೆಯ ಮೇಲೆ ಕರ್ಸರ್ ತಾನೇ ಓಡ್ತಿರುತ್ತೆ. ಬೇಕಾದ ಜಾಗಕ್ಕೆ ಬಂದಾಗ ಬೆರಳಲ್ಲಿ ಗುಂಡಿ ಒತ್ತಿದರೆ ಸಾಕು. ನಿಮಿಷಕ್ಕೆ 15 ಪದ. 1988ರಲ್ಲಿ ಬಂದ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಪುಸ್ತಕವನ್ನ ಹೀಗೇ ಮುಗಿಸಿದ್ದು.

ಕಾಯಿಲೆ ಅಲ್ಲಿಗೂ ಬಿಡಲಿಲ್ಲ. ಬೆರಳೂ ಸೋತಿತು. ಉಳಿದದ್ದು ಕೆನ್ನೆಯ ಒಂದು ಸ್ನಾಯು. ಕನ್ನಡಕಕ್ಕೆ ಇನ್‌ಫ್ರಾರೆಡ್ ಸೆನ್ಸರ್ ಕಟ್ಟಿದರು. ಕೆನ್ನೆ ಅಲ್ಲಾಡಿದರೆ ಅದೇ ಗುಂಡಿ ಒತ್ತಿದ ಹಾಗೆ. ಆದರೆ 2011ರ ಹೊತ್ತಿಗೆ ವೇಗ ಎಷ್ಟಕ್ಕೆ ಇಳಿದಿತ್ತು ಗೊತ್ತಾ? ನಿಮಿಷಕ್ಕೆ ಒಂದು ಪದ!

ಇಂಟೆಲ್ ಕಂಪನಿಯ ಎಂಜಿನಿಯರ್ ಲಾಮಾ ನಾಚ್ಮನ್ ಅವರ ತಂಡ ಬಂತು. ಕಣ್ಣಿನ ಚಲನೆ ಹಿಡಿಯೋ ಕ್ಯಾಮೆರಾ ಇಟ್ಟರು. ರೆಪ್ಪೆ ಜೋತುಬಿದ್ದಿತ್ತು, ಆಗಲಿಲ್ಲ. ಮಿದುಳಿನ ತರಂಗ ಹಿಡಿಯೋ ಟೋಪಿ ಹಾಕಿದರು, ಅದೂ ಕೈಕೊಟ್ಟಿತು. ಕೊನೆಗೆ ಗೆದ್ದಿದ್ದು ಹಳೇ ಕೆನ್ನೆಯೇ. ಬದಲಾಗಿದ್ದು ಅದರ ಹಿಂದಿನ ತಂತ್ರ. ಹಾಕಿಂಗ್ ಅವರದೇ ಬರಹಗಳನ್ನ ಕಲಿತು ಮುಂದಿನ ಪದ ಊಹಿಸೋ ವ್ಯವಸ್ಥೆ ಸೇರಿಸಿದರು. ಹಳೇ ದನಿಯನ್ನ ಮಾತ್ರ ಮುಟ್ಟಲಿಲ್ಲ. ಅದಕ್ಕಿಂತ ಚೆನ್ನಾದ ದನಿಗಳಿದ್ದರೂ ಅವರಿಗೆ ಅದೇ ಬೇಕಿತ್ತು. ಅದೇ ಅವರ ಗುರುತಾಗಿತ್ತು. 2015ರಲ್ಲಿ ಈ ಸಾಫ್ಟ್‌ವೇರನ್ನ ಇಂಟೆಲ್ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. 2018ರ ಮಾರ್ಚ್ 14ರಂದು ಹಾಕಿಂಗ್ ತೀರಿಕೊಂಡರು.

ಈಗ ನಮ್ಮ ಮನೆಗೆ ಬನ್ನಿ. ಇಂಗ್ಲಿಷ್‌ನಲ್ಲಿ 26 ಅಕ್ಷರ. ನಮ್ಮಲ್ಲಿ 49, ಅದರ ಮೇಲೆ ಕಾಗುಣಿತ, ಒತ್ತಕ್ಷರ. ‘ಸ್ತ್ರೀ’ ಅನ್ನೋದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಆರು ಸಂಕೇತ. ಪ್ರತಿಯೊಂದಕ್ಕೂ ಸಾಲು ಆರಿಸೋಕೆ ಒಂದು ಸಲ, ಗುರುತು ಆರಿಸೋಕೆ ಇನ್ನೊಂದು ಸಲ ಅಂದರೆ, ಊಹೆಯ ನೆರವಿಲ್ಲದೆ ಹನ್ನೆರಡು ಸಲ ಕೆನ್ನೆ ಆಡಿಸಬೇಕು. ಹಾಸಿಗೆ ಹಿಡಿದ ನಮ್ಮೂರ ಅಜ್ಜಿ ‘ಬಾಯಾರಿಕೆ’ ಅನ್ನೋದನ್ನ ಇಂಗ್ಲಿಷ್ ಕಲಿತು ಹೇಳೋಕಾಗುತ್ತಾ ಸ್ವಾಮಿ? ಕನ್ನಡಕ್ಕೆ ತಂತ್ರಜ್ಞಾನ ಬೇಕು ಅಂತ ನಾವು ಗಂಟಲು ಹರ್ಕೊಳ್ಳೋವಾಗ ನೆನಪಿಡಬೇಕಾದ್ದು ಇವರನ್ನ.

ಇನ್ನೊಂದು ಮಾತು. ಹಾಕಿಂಗ್ ಅವರ ಸಂದರ್ಶನಕ್ಕೆ ಪ್ರಶ್ನೆಗಳನ್ನ ಮೊದಲೇ ಕಳಿಸಬೇಕಿತ್ತು. ಉತ್ತರಕ್ಕೆ ದೊಡ್ಡ ದೊಡ್ಡ ಪತ್ರಕರ್ತರೂ ಕಾಯ್ತಿದ್ದರು. ನಾನೋ, ಚರ್ಚೆಗೆ ಬಂದವರ ಅರ್ಧ ವಾಕ್ಯಕ್ಕೇ ‘ಸಮಯ ಇಲ್ಲ’ ಅಂತ ಕತ್ತರಿ ಹಾಕೋನು. ಒಂದು ಪದಕ್ಕೆ ಒಂದು ನಿಮಿಷ ಕಾಯೋ ತಾಳ್ಮೆ ಯಾವ ಸಾಫ್ಟ್‌ವೇರ್‌ನಲ್ಲೂ ಬರಲ್ಲ. ಅದನ್ನ ನಾವೇ ಕಲೀಬೇಕು. ಮೊದಲು ನಾನು.