ಕೊಪ್ಪಳ ಜಿಲ್ಲೆಯಲ್ಲಿ ಗೃಹ ಸೌರ ವಿದ್ಯುತ್

ಗೃಹ ಸೌರ ವಿದ್ಯುತ್ ವ್ಯವಸ್ಥೆ ಎಂದರೆ ಮನೆಯ ಚಾವಣಿಯ ಮೇಲೆ ಅಳವಡಿಸಿದ ಸೌರ ಫಲಕಗಳಿಂದ ವಿದ್ಯುತ್ ಉತ್ಪಾದಿಸಿ ಬಳಸುವ ಏರ್ಪಾಡು. ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಹೊಂದಿತ್ತು. ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಜೆಸ್ಕಾಂ ಇಲ್ಲಿ ವಿದ್ಯುತ್ ಸರಬರಾಜು ಮಾಡುತ್ತದೆ. ಬಿಸಿಲು ಹೇರಳವಾಗಿರುವ ಈ ಭಾಗದಲ್ಲಿ 1 ಕಿಲೋವ್ಯಾಟ್ ಸಾಮರ್ಥ್ಯದ ವ್ಯವಸ್ಥೆಯು ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ಉತ್ಪಾದಿಸಬಲ್ಲದು.

ವಿಧಗಳು

ಜಾಲಕ್ಕೆ ಜೋಡಿಸಿದ (ಆನ್‌ಗ್ರಿಡ್) ವ್ಯವಸ್ಥೆಯಲ್ಲಿ ಬ್ಯಾಟರಿ ಇರುವುದಿಲ್ಲ. ಮನೆಯ ಬಳಕೆಗೆ ಮಿಕ್ಕ ವಿದ್ಯುತ್ ಜಾಲಕ್ಕೆ ಹರಿಯುತ್ತದೆ. ಲೈನ್‌ಮನ್‌ಗಳ ಸುರಕ್ಷತೆಗಾಗಿ, ಜಾಲದಲ್ಲಿ ವಿದ್ಯುತ್ ಕಡಿತವಾದೊಡನೆ ಇದರ ಇನ್ವರ್ಟರ್ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ಆದ್ದರಿಂದ ಬಿಸಿಲಿದ್ದರೂ ಇದು ವಿದ್ಯುತ್ ಕಡಿತಕ್ಕೆ ಪರಿಹಾರವಲ್ಲ. ಆ ಸಮಯದಲ್ಲೂ ದೀಪ, ಫ್ಯಾನ್ ನಡೆಯಬೇಕಾದರೆ ಬ್ಯಾಟರಿಯುಳ್ಳ ಹೈಬ್ರಿಡ್ ಅಥವಾ ಆಫ್‌ಗ್ರಿಡ್ ವ್ಯವಸ್ಥೆ ಅಗತ್ಯ. ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕಾಗುವುದರಿಂದ ಇವುಗಳ ವೆಚ್ಚ ಹೆಚ್ಚು.

ಚಾವಣಿ ಮತ್ತು ಹವಾಮಾನ

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಜಿಲ್ಲೆಯು ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಫಲಕಗಳನ್ನು ದಕ್ಷಿಣಾಭಿಮುಖವಾಗಿ, ಸುಮಾರು 15 ಡಿಗ್ರಿ ಓರೆಯಾಗಿ ನಿಲ್ಲಿಸಲಾಗುತ್ತದೆ. ಆರ್‌ಸಿಸಿ ಚಾವಣಿ ಇದಕ್ಕೆ ಸೂಕ್ತ. ಹಳೆಯ ಮಣ್ಣಿನ ಮಾಳಿಗೆ ಮತ್ತು ತಗಡಿನ ಚಾವಣಿಗಳು ಫಲಕಗಳ ಭಾರವನ್ನೂ ಗಾಳಿಯ ಒತ್ತಡವನ್ನೂ ತಾಳಬಲ್ಲವೇ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.

ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆಯಲಾಗುತ್ತದೆ. ಅದಕ್ಕಿಂತ ಹೆಚ್ಚುವ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಕುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕ 60 ಡಿಗ್ರಿಗೆ ಕಾದರೆ ಶೇ. 10ಕ್ಕೂ ಹೆಚ್ಚು ನಷ್ಟವಾಗುತ್ತದೆ. ಫಲಕದ ಅಡಿಯಲ್ಲಿ ಗಾಳಿಯಾಡುವಂತೆ ಅಂತರ ಬಿಡಲು ಇದೇ ಕಾರಣ. ಗಂಗಾವತಿಯ ಅಕ್ಕಿ ಗಿರಣಿಗಳು ಮತ್ತು ಗಿಣಿಗೇರಾ ಭಾಗದ ಕಾರ್ಖಾನೆಗಳ ಸಮೀಪದಲ್ಲಿ ಬೂದಿ, ದೂಳು ಕೂರುವ ಸಂಭವವಿರುವುದರಿಂದ ಫಲಕಗಳನ್ನು ಪದೇ ಪದೇ ತೊಳೆಯಬೇಕಾಗುತ್ತದೆ. ಗಡಸು ಕೊಳವೆಬಾವಿ ನೀರು ಒಣಗಿದಾಗ ಗಾಜಿನ ಮೇಲೆ ಬಿಳಿ ಕಲೆ ಉಳಿಸುತ್ತದೆ. ಹಾಗಾಗಿ ಮೆದು ನೀರಿನಿಂದ ಮುಂಜಾನೆ ತೊಳೆಯುವುದು ಉತ್ತಮ.

ಸಹಾಯಧನ

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಡಿ ಕೇಂದ್ರ ಸರ್ಕಾರವು ಜಾಲಕ್ಕೆ ಜೋಡಿಸಿದ ವ್ಯವಸ್ಥೆಗಳಿಗೆ ಸಹಾಯಧನ ನೀಡುತ್ತದೆ.

- 1 ಕಿಲೋವ್ಯಾಟ್: 30,000 ರೂಪಾಯಿ
- 2 ಕಿಲೋವ್ಯಾಟ್: 60,000 ರೂಪಾಯಿ
- 3 ಕಿಲೋವ್ಯಾಟ್ ಮತ್ತು ಹೆಚ್ಚು: 78,000 ರೂಪಾಯಿ

ಮನೆ ಮತ್ತು ಚಾವಣಿ ಸ್ವಂತದ್ದಾಗಿರಬೇಕು. ಭಾರತದಲ್ಲಿ ತಯಾರಾದ ಫಲಕಗಳನ್ನು ನೋಂದಾಯಿತ ಮಾರಾಟಗಾರರಿಂದ ಅಳವಡಿಸಿಕೊಳ್ಳಬೇಕು. ವ್ಯವಸ್ಥೆ ಕಾರ್ಯಾರಂಭಗೊಂಡ ನಂತರವೇ ಹಣ ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

ಗೃಹಜ್ಯೋತಿ ಮತ್ತು ಲಾಭದ ಲೆಕ್ಕ

ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯು 2023ರ ಜುಲೈನಿಂದ ಜಾರಿಯಲ್ಲಿದೆ. ಇದರಡಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ ಉಚಿತ ವಿದ್ಯುತ್ ಸಿಗುತ್ತದೆ. ಈ ಮಿತಿಯೊಳಗೆ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಕ್ಕೆ ಸೌರ ಫಲಕದಿಂದ ಉಳಿಯುವ ಬಿಲ್ ಮೊತ್ತ ಇರುವುದಿಲ್ಲ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಪಾವತಿಸಬೇಕಾಗುವುದರಿಂದ, ಹೆಚ್ಚು ಬಳಕೆಯ ಮನೆಗಳಿಗೆ ಲಾಭ ಅಧಿಕ. 3 ಕಿಲೋವ್ಯಾಟ್ ವ್ಯವಸ್ಥೆಯು ತಿಂಗಳಿಗೆ ಸುಮಾರು 360 ಯೂನಿಟ್ ನೀಡಿ, ಅಷ್ಟೂ ಬಳಕೆಯಾದರೆ, ಯೂನಿಟ್‌ಗೆ 6 ರೂಪಾಯಿಯಂತೆ ವರ್ಷಕ್ಕೆ ಸುಮಾರು 26,000 ರೂಪಾಯಿ ಉಳಿಯುತ್ತದೆ. ನಿಗದಿತ ಶುಲ್ಕ ಮಾತ್ರ ತಪ್ಪುವುದಿಲ್ಲ.

ನೆಟ್ ಮೀಟರಿಂಗ್‌ನಲ್ಲಿ ಜಾಲಕ್ಕೆ ಕೊಟ್ಟ ಯೂನಿಟ್‌ಗಳನ್ನು ಪಡೆದ ಯೂನಿಟ್‌ಗಳಿಂದ ಕಳೆಯಲಾಗುತ್ತದೆ. ಹೆಚ್ಚುವರಿ ವಿದ್ಯುತ್ತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಅನ್ವಯಿಸುತ್ತದೆ. ಆ ದರ ಸಾಮಾನ್ಯವಾಗಿ ಗ್ರಾಹಕರು ತೆರುವ ದರಕ್ಕಿಂತ ಕಡಿಮೆಯಿರುವುದರಿಂದ, ಸ್ವಂತ ಬಳಕೆಯನ್ನು ಮೀರಿದ ಸಾಮರ್ಥ್ಯ ಲಾಭದಾಯಕವಲ್ಲ.

ಖಾತರಿ

ಫಲಕಗಳ ಉತ್ಪಾದನಾ ಖಾತರಿ ಸಾಮಾನ್ಯವಾಗಿ 25 ವರ್ಷ. ಇನ್ವರ್ಟರ್‌ಗೆ 5ರಿಂದ 10 ವರ್ಷ. ಖರೀದಿ ಒಪ್ಪಂದದಲ್ಲಿ ಈ ಎರಡನ್ನೂ, ಭೂಸಂಪರ್ಕ, ಸಿಡಿಲು ರಕ್ಷಕ ಮತ್ತು ನಿರ್ವಹಣೆಯ ಅವಧಿಯನ್ನೂ ಪ್ರತ್ಯೇಕವಾಗಿ ನಮೂದಿಸಲಾಗುತ್ತದೆ.